ಎನ್‌ವಿಡಿಎ ಹಾಕಿ ಟೆಸ್ಟ್ ಮಾಡಿದೆ, ಎಲ್ಲ ಓದುತ್ತಿದೆ. ಇಷ್ಟು ಸಾಕಾ?

ಕೋಡುಬಳೆ:
ಒಂದು ಪತ್ತಿನ ಸಹಕಾರ ಸಂಘಕ್ಕೆ ಸಾಲದ ಅರ್ಜಿಯ ವೆಬ್ ಪೇಜ್ ಮಾಡುತ್ತಿದ್ದೇನೆ, ಪೂರ್ತಿ ಕನ್ನಡದಲ್ಲಿ. ಕಣ್ಣು ಕಾಣದವರಿಗೂ ಬಳಸಲು ಬರಬೇಕು ಅಂತ ಎನ್‌ವಿಡಿಎ (ಪರದೆಯಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ಸಾಫ್ಟ್‌ವೇರ್) ಹಾಕಿಕೊಂಡು ನೋಡಿದೆ. ಮೇಲಿನಿಂದ ಕೆಳಗಿನವರೆಗೆ ಎಲ್ಲ ಓದುತ್ತದೆ. ಆದರೆ ಎಂಥ ವಟವಟ! ಮೌಸ್ ಆಡಿಸಿದರೂ ಮಾತು, ಕೀ ಒತ್ತಿದರೂ ಮಾತು. ದನಿಯೋ, ಡಬ್ಬದೊಳಗೆ ಕೂತು ಮಾತಾಡಿದ ಹಾಗೆ. ಸ್ವಲ್ಪ ಹೊತ್ತಿಗೇ ತಲೆ ಚಿಟ್ಟು ಹಿಡಿಯಿತು. ದಿನವಿಡೀ ಇದನ್ನು ಹೇಗೆ ಕೇಳುತ್ತಾರೆ? ಪೇಜಿನಲ್ಲೇ ಒಂದು 'ಓದಿ ಹೇಳು' ಬಟನ್ ಹಾಕಿ, ಒಳ್ಳೆ ದನಿ ಕೊಡೋಣ ಅಂತಿದ್ದೇನೆ. ಸರಿ ಅಲ್ವಾ?

ಕಿವಿಮಾತು:
ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಆ ಬಟನ್ ಬೇಡ ಸಾರ್. ಅದನ್ನು ಹುಡುಕಿ ಒತ್ತುವ ಹೊತ್ತಿಗೆ ನನ್ನ ಸ್ಕ್ರೀನ್ ರೀಡರ್ ಆಗಲೇ ಓಡುತ್ತಿರುತ್ತದೆ, ಎರಡೂ ಒಟ್ಟಿಗೆ ಮಾತಾಡಿದರೆ ಸಂತೆ.

ಇನ್ನೊಂದು, ಮೇಲಿನಿಂದ ಕೆಳಗೆ ಪೂರ್ತಿ ಕೇಳುತ್ತಾ ಯಾರು ಕೂರುತ್ತಾರೆ? ನೀವು ಪೇಪರ್ ತೆಗೆದರೆ ಹೆಡ್ಡಿಂಗ್ ಮೇಲೆ ಕಣ್ಣಾಡಿಸುವುದಿಲ್ಲವಾ, ನಾವೂ ಹಾಗೇ. ಎಚ್ ಒತ್ತಿದರೆ ಮುಂದಿನ ಹೆಡ್ಡಿಂಗ್, ಕೆ ಒತ್ತಿದರೆ ಲಿಂಕ್, ಎಫ್ ಒತ್ತಿದರೆ ಫಾರ್ಮಿನ ಮುಂದಿನ ಜಾಗ. ಬೇಡದ್ದನ್ನು ಅರ್ಧ ಪದಕ್ಕೇ ಬಿಟ್ಟು ಮುಂದೆ ಹೋಗುತ್ತೇವೆ. ಕಂಟ್ರೋಲ್ ಒತ್ತಿದರೆ ಅದು ಬಾಯಿ ಮುಚ್ಚುತ್ತದೆ, ಪಾಪ ನಿಮಗೆ ಯಾರೂ ಹೇಳಿರಲಿಲ್ಲ ಅನ್ಸುತ್ತೆ. ಡಬ್ಬದ ದನಿಗೂ ಕಾರಣ ಇದೆ. ಇಂಪಾದ ದನಿಗಳು ವೇಗ ಜಾಸ್ತಿ ಮಾಡಿದರೆ ಕಲಸಿಕೊಳ್ಳುತ್ತವೆ, ಇಸ್ಪೀಕ್ ಅನ್ನುವ ಈ ಡಬ್ಬದ ದನಿ ಬಿಡಿಬಿಡಿಯಾಗಿ ಕೇಳುತ್ತದೆ. ನಾನು ಇಡುವ ವೇಗ ನಿಮಗೆ ಬರೀ ಗುಂಯ್ ಅಂತ ಕೇಳಬಹುದು. 2006ರಲ್ಲಿ ಎನ್‌ವಿಡಿಎ ಬರೆಯಲು ಶುರು ಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರಿಗೂ ಕಣ್ಣು ಕಾಣುವುದಿಲ್ಲ. ನಮ್ಮವರೇ ನಮಗಾಗಿ ಮಾಡಿಕೊಂಡಿದ್ದು, ನೋಡಿಕೊಂಡು ಕೇಳುವವರಿಗೆ ಕಿರಿಕಿರಿ ಆದರೆ ಆಗಲಿ ಬಿಡಿ.

ಹಳೇ ಟೆಸ್ಟರ್:
ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ. ನನಗೆ ಕಣ್ಣು ಕಾಣುತ್ತದೆ, ಕೆಲಸವೇ ಇದು. 'ಎಲ್ಲ ಓದುತ್ತಿದೆ' ಅಂತ ನಮಗೆ ಅನ್ನಿಸುವುದೇ ಪರದೆ ಕಣ್ಣೆದುರು ಇರುವುದರಿಂದ. 'ತಂದೆಯ ಹೆಸರು' ಅಂತ ಪಕ್ಕದಲ್ಲಿ ಬರೆದಿದೆ, ಆದರೆ ಲೇಬಲ್ಲನ್ನು ಆ ಜಾಗಕ್ಕೆ ಕೋಡಿನಲ್ಲಿ ಜೋಡಿಸಿಲ್ಲ ಅಂತಿಟ್ಟುಕೊಳ್ಳಿ. ಮೇಲಿನಿಂದ ಓದಿಸಿದರೆ ಚೆನ್ನಾಗೇ ಕೇಳುತ್ತದೆ. ಟ್ಯಾಬ್ ಒತ್ತಿ ನೇರ ಅಲ್ಲಿಗೆ ಬಂದವರಿಗೆ ಬರೀ 'ಎಡಿಟ್, ಬ್ಲಾಂಕ್', ಅಂದರೆ ಬರೆಯುವ ಜಾಗ, ಖಾಲಿ ಇದೆ ಅಂತಷ್ಟೇ. ಯಾರ ಹೆಸರು ಬರೆಯಬೇಕು? ನಿಮ್ಮ ಕಣ್ಣು ಉತ್ತರ ಹೇಳಿಬಿಡುತ್ತದೆ, ತಪ್ಪು ಕಾಣಿಸುವುದೇ ಇಲ್ಲ.

ಎನ್‌ವಿಡಿಎ ಸೆಟ್ಟಿಂಗ್ಸಿನಲ್ಲಿ ಸ್ಕ್ರೀನ್ ಕರ್ಟನ್ ಅಂತಿದೆ, ಪರದೆ ಪೂರ್ತಿ ಕಪ್ಪಾಗುತ್ತದೆ. ಅದನ್ನು ಹಾಕಿ, ಮೌಸ್ ಬದಿಗಿಟ್ಟು, ಅರ್ಜಿ ತುಂಬಿ 'ಸಲ್ಲಿಸಿ' ತನಕ ಹೋಗಿ. ಬೇಕಂತಲೇ ಮೊಬೈಲ್ ನಂಬರ್ ತಪ್ಪು ಹಾಕಿ. ಪೇಜ್ ಬರೀ ಕೆಂಪು ಗೆರೆ ತೋರಿಸಿ, ತಪ್ಪೇನು ಅಂತ ದನಿಯಲ್ಲಿ ಕೇಳಿಸದಿದ್ದರೆ ಕೆಲಸ ಬಾಕಿ ಇದೆ. ಆಮೇಲೂ ದಿನಾ ಬಳಸುವ ಒಬ್ಬರಿಂದ ನೋಡಿಸಿ, ಸುಮ್ನೆ ಅಲ್ಲ, ದುಡ್ಡು ಕೊಟ್ಟು.

ಕೋಡುಬಳೆ:
ಬಟನ್ ಕೈಬಿಟ್ಟೆ. ಕರ್ಟನ್ ಹಾಕಿದರೆ ಹುಟ್ಟಿದ ದಿನಾಂಕದ ಕ್ಯಾಲೆಂಡರಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತೇನೆ, ಅದರ ಬದಲು ಟೈಪ್ ಮಾಡುವ ಜಾಗ ಇಡುತ್ತೇನೆ. ಇನ್ನೊಂದು ತಲೆನೋವು: ಷರತ್ತುಗಳ ಪಿಡಿಎಫ್ ಸಂಘದವರೇ ಕೊಟ್ಟಿದ್ದು. ನೋಡಲು ಅಚ್ಚುಕಟ್ಟು ಕನ್ನಡ, ಆದರೆ ಎನ್‌ವಿಡಿಎ ಇಂಗ್ಲಿಷ್ ಅಕ್ಷರ, ಚಿಹ್ನೆ ಏನೇನೋ ಬಡಬಡಿಸುತ್ತದೆ.

ಮೊಳೆ ಜೋಡಿಸುವವ:
ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿರುತ್ತಾರೆ, ಯೂನಿಕೋಡ್ (ಕನ್ನಡ ಅಕ್ಷರಕ್ಕೆ ಅದರದ್ದೇ ಸಂಕೇತ ಇರುವ ವ್ಯವಸ್ಥೆ) ಅಲ್ಲದ್ದು. ಫೈಲಿನೊಳಗೆ ಇರುವುದೇ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಕನ್ನಡದ ಆಕಾರ ಕೊಡುವುದು ಫಾಂಟ್. ಸ್ಕ್ರೀನ್ ರೀಡರ್‌ಗೆ ಆಕಾರ ಕಾಣುವುದಿಲ್ಲ, ಒಳಗಿರುವುದನ್ನು ಓದುತ್ತದೆ. ಮೂಲ ಫೈಲ್ ಕೇಳಿ ಇಸಿದುಕೊಂಡು ಯೂನಿಕೋಡ್‌ಗೆ ಬದಲಾಯಿಸಿ, ಆಮೇಲೆ ಒಮ್ಮೆ ಕೂತು ಓದಿ, ಒತ್ತಕ್ಷರ ಮತ್ತು ಅರ್ಕಾವತ್ತು ಜಾಗ ಬಿಟ್ಟಿರುತ್ತವೆ. ಅದನ್ನು ಪಿಡಿಎಫ್ ಮಾಡುವುದಕ್ಕಿಂತ ಪೇಜಿನಲ್ಲೇ ಹಾಕುವುದು ವಾಸಿ. ಪೇಜಿನ ಭಾಷೆ ಕನ್ನಡ ಅಂತ ಕೋಡಿನಲ್ಲಿ ಬರೆಯಿರಿ, ಯಾವ ಭಾಷೆಯ ದನಿ ಬೇಕು ಅಂತ ಅದಕ್ಕೆ ಗೊತ್ತಾಗಲಿ.

ಕಿವಿಮಾತು:
ಎಲ್ಲ ಆದಮೇಲೆ ಲಿಂಕ್ ಕಳಿಸಿ, ಭಾನುವಾರ ಬಿಡುವಿದೆ. ಚಿತ್ರ ನೋಡಿ ಅಕ್ಷರ ಬರೆಯುವ ಕ್ಯಾಪ್ಚಾ ಇದ್ದರೆ ಮೊದಲು ಅದನ್ನು ತೆಗೆಯಿರಿ, ಇಲ್ಲದಿದ್ದರೆ ನಾನು ಬಾಗಿಲಿನಿಂದಲೇ ವಾಪಸ್. ದುಡ್ಡಿನ ವಿಷಯ ಹಳೇ ಟೆಸ್ಟರ್ ಹೇಳಿದ್ದಾರೆ, ನಾನು ಬೇರೆ ಹೇಳುವುದಿಲ್ಲ :)