ಅಕ್ಕಿ ಗಿರಣಿಯ ಕನ್ವೇಯರ್ ಬೆಲ್ಟ್ ಒಂದು ಬದಿಗೆ ಸರಿಯುತ್ತಿದೆ

ಪ್ರಶ್ನೆ:
ಗಂಗಾವತಿಯ ನಮ್ಮ ಅಕ್ಕಿ ಗಿರಣಿಯಲ್ಲಿ ಭತ್ತ ಸಾಗಿಸುವ ಸಣ್ಣ ಕನ್ವೇಯರಿನ ಬೆಲ್ಟ್ ಹಿಂಬದಿಯ ಪುಲ್ಲಿಯ ಬಳಿ ಎಡಕ್ಕೆ ಸರಿದು ಚೌಕಟ್ಟಿಗೆ ಉಜ್ಜುತ್ತಿದ್ದು, ಅಂಚಿನಲ್ಲಿ ನೂಲು ಎದ್ದಿದೆ. ಬೆಲ್ಟ್ ಓಡುತ್ತಿರುವಾಗಲೇ ಹುಡುಗರು ಅದನ್ನು ಕೋಲಿನಿಂದ ತಳ್ಳುವುದನ್ನು ಕಂಡರೆ ನನಗೆ ಭಯವಾಗುತ್ತದೆ. ಸರಿಯಾದ ಕ್ರಮವನ್ನು ಬಲ್ಲವರು ದಯವಿಟ್ಟು ತಿಳಿಸಿರಿ.

ಉತ್ತರ 1:
ಮೊದಲು ಆ ಕೋಲನ್ನು ಬಿಡಿಸಿರಿ ಸರ್. ಬೆಲ್ಟ್ ಪುಲ್ಲಿಯನ್ನು ಸೇರುವ ಸಂದಿಯು ಕೋಲಿನೊಂದಿಗೆ ಕೈಯನ್ನೂ ಎಳೆದುಕೊಳ್ಳುತ್ತದೆ. ಸ್ವಿಚ್ ಆರಿಸಿದರೆ ಸಾಲದು. ಮೇನ್ ಐಸೊಲೇಟರ್ (ಯಂತ್ರಕ್ಕೆ ಬರುವ ವಿದ್ಯುತ್ತನ್ನೇ ಕಡಿಯುವ ಸ್ವಿಚ್) ಇಳಿಸಿ ಬೀಗ ಹಾಕಿ, ಕೀಲಿಯನ್ನು ಕೆಲಸ ಮಾಡುವವರೇ ಜೇಬಿನಲ್ಲಿ ಇಟ್ಟುಕೊಂಡು, ಸ್ಟಾರ್ಟ್ ಬಟನ್ ಒತ್ತಿದರೂ ಯಂತ್ರ ತಿರುಗುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಗಾರ್ಡ್ (ರಕ್ಷಣಾ ಕವಚ) ಬಿಚ್ಚಬೇಕು.

ಉತ್ತರ 2:
ಬೆಲ್ಟಿನ ಬಿಗಿಯನ್ನು ಹೊಂದಿಸುವ ಟೇಕ್‌ಅಪ್ ಬೋಲ್ಟ್ ಮುಟ್ಟುವ ಮುನ್ನ ಪುಲ್ಲಿಯನ್ನು ನೋಡಿರಿ. ರಾಯಚೂರಿನ ನಮ್ಮ ಗಿರಣಿಯಲ್ಲಿ ತೌಡು ತೇವದೊಡನೆ ಸೇರಿ ಪುಲ್ಲಿಯ ಒಂದು ಬದಿಗೆ ಕಟಿ ರೊಟ್ಟಿಯಂತೆ ಗಟ್ಟಿಯಾಗಿ ಅಂಟಿತ್ತು. ಕೆರೆದು ತೆಗೆದ ದಿನವೇ ಬೆಲ್ಟ್ ನಡುವಿಗೆ ಬಂತು. ತಿರುಗದ ರೋಲರ್, ಬೆಲ್ಟಿನ ತುದಿಗಳ ಓರೆಯಾದ ಜೋಡಣೆ ಸಹ ಇದೇ ತೊಂದರೆ ಕೊಡುತ್ತವೆ. ಇವೆಲ್ಲ ಸರಿಯಿದ್ದರೆ ಮಾತ್ರ, ಬೆಲ್ಟ್ ಸರಿಯುತ್ತಿರುವ ಬದಿಯ ಟೇಕ್‌ಅಪ್ ಬೋಲ್ಟನ್ನು ಕಾಲು ಸುತ್ತು ಬಿಗಿಗೊಳಿಸಿ, ಗಾರ್ಡ್ ಹಾಕಿ, ಖಾಲಿ ಬೆಲ್ಟನ್ನು ಹಲವು ಸುತ್ತು ಓಡಿಸಿ, ದೂರ ನಿಂತು ಗಮನಿಸಿರಿ.

ಪ್ರಶ್ನೆ ಕೇಳಿದವರು:
ನೋಡಿದೆವು, ಹಿಂಬದಿಯ ಒಂದು ರೋಲರ್ ಧೂಳು ತುಂಬಿ ನಿಂತೇ ಹೋಗಿತ್ತು. ಬೇರಿಂಗ್ ಬದಲಿಸುತ್ತಿದ್ದೇವೆ, ಬೀಗವನ್ನೂ ಇಂದೇ ತಂದೆ. ಇಬ್ಬರಿಗೂ ಧನ್ಯವಾದಗಳು.