ಮೊದಲ ದೂರದರ್ಶಕ, ಗ್ರಹಗಳ ಗುರುತು: ಮೇಷ್ಟ್ರೊಂದಿಗೆ ಪ್ರಶ್ನೋತ್ತರ

ಕುವೆಂಪುನಗರದ ಸದಸ್ಯರು: ನಮಸ್ಕಾರ ಮೇಷ್ಟ್ರೇ. ಮಗಳಿಗೆ ಮೊದಲ ದೂರದರ್ಶಕ ಕೊಳ್ಳಬೇಕೆಂದಿದ್ದೇನೆ. ಪೆಟ್ಟಿಗೆಯ ಮೇಲೆ 525 ಪಟ್ಟು ಎಂದು ಬರೆದಿರುವುದನ್ನು ನಂಬಬಹುದೇ?

ಮೇಷ್ಟ್ರು: ನಂಬಬೇಡಿ. ಮುಂದಿನ ಮಸೂರದ ವ್ಯಾಸ ಎಷ್ಟು ಮಿಲಿಮೀಟರ್ ಇದೆಯೋ ಅದರ ಎರಡರಷ್ಟೇ ಉಪಯುಕ್ತ ವರ್ಧನೆಯ ಮಿತಿ; 70 ಮಿಲಿಮೀಟರಿಗೆ 140 ಪಟ್ಟು. ಅದನ್ನು ಮೀರಿದರೆ ಬಿಂಬ ಹಿಗ್ಗಿ ಮಸುಕಾಗುತ್ತದೆಯೇ ಹೊರತು ವಿವರ ಹೆಚ್ಚುವುದಿಲ್ಲ. ಅಲುಗಾಡದ ಸ್ಟ್ಯಾಂಡ್ ಇರುವ 70 ಮಿಲಿಮೀಟರಿನದರಲ್ಲಿ ಗುರುವಿನ ನಾಲ್ಕು ಚಂದ್ರರೂ ಶನಿಯ ಉಂಗುರವೂ ಕಾಣುತ್ತವೆ. ಆಕಾಶದ ತಿರುಗುವಿಕೆಯನ್ನು ಹಿಂಬಾಲಿಸುವ ಇಕ್ವಟೋರಿಯಲ್ ಸ್ಟ್ಯಾಂಡ್ ಬೇಡ. ಅದರ ಅಕ್ಷವನ್ನು ಧ್ರುವನಕ್ಷತ್ರದತ್ತ ಹೊಂದಿಸಬೇಕು, ನಮ್ಮ ಮೈಸೂರಿನಲ್ಲಿ ಅದು ದಿಗಂತದಿಂದ ಸುಮಾರು 12 ಡಿಗ್ರಿಯಷ್ಟೇ ಮೇಲಿದ್ದು ಮನೆ, ಮರಗಳ ಮರೆಗೆ ಸೇರಿರುತ್ತದೆ.

ಮದ್ದೂರಿನ ಸದಸ್ಯೆ: ಗ್ರಹವನ್ನು ಗುರುತಿಸುವುದು ಹೇಗೆ ಸರ್?

ಮೇಷ್ಟ್ರು: ಸೂರ್ಯಚಂದ್ರರು ಸಾಗುವ ಹಾದಿಯ ಆಸುಪಾಸಿನಲ್ಲೇ ಹುಡುಕಿ. ಗ್ರಹಗಳು ಸಾಮಾನ್ಯವಾಗಿ ಮಿನುಗುವುದಿಲ್ಲ. ಶುಕ್ರ ಸಂಜೆ ಪಶ್ಚಿಮದಲ್ಲಿ ಇಲ್ಲವೇ ಮುಂಜಾನೆ ಪೂರ್ವದಲ್ಲಿ ಮಾತ್ರ ಸಿಗುತ್ತಾನೆ.

ಪಾಂಡವಪುರದ ಸದಸ್ಯರು: ಇಷ್ಟೆಲ್ಲ ಏಕೆ? ಯಾವ ಗ್ರಹ ಯಾವ ರಾಶಿಯಲ್ಲಿದೆ ಎಂಬುದು ಪಂಚಾಂಗದಲ್ಲೇ ಇದೆ.

ವಿಜಯನಗರದ ಸದಸ್ಯರು: ಒಂದು ರಾಶಿ ಎಂದರೆ ಆಕಾಶದಲ್ಲಿ 30 ಡಿಗ್ರಿ. ಅಷ್ಟಗಲದಲ್ಲಿ ತಡಕಾಡುವ ಬದಲು ಮೊಬೈಲಿನ ಆ್ಯಪ್ ತೆರೆದರೆ ಮುಗಿಯಿತು.

ಪಾಂಡವಪುರದ ಸದಸ್ಯರು: ಮೊಬೈಲಿನ ಬೆಳಕು ಬಿದ್ದರೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡುತ್ತದೆ ಎಂಬುದೂ ನಿಮಗೆ ಗೊತ್ತಿಲ್ಲವೇ?

ವಿಜಯನಗರದ ಸದಸ್ಯರು: ಗುರುಗ್ರಹ ನೋಡಲು ಕತ್ತಲೆಗಣ್ಣು ಬೇಕಿಲ್ಲ. ತಿಳಿಯದೆ ಪಾಠ ಹೇಳಬೇಡಿ.

ಶ್ರೀರಂಗಪಟ್ಟಣದ ಸದಸ್ಯರು: ಮೇಷ್ಟ್ರೇ, ನಮ್ಮ ಹಳೆಯ 60 ಮಿಲಿಮೀಟರ್ ದೂರದರ್ಶಕದ ಐಪೀಸಿಗೆ, ಅಂದರೆ ಕಣ್ಣಿಡುವ ಕಡೆಯ ಮಸೂರಕ್ಕೆ, ತಿರುಗಿಸಿ ಕೂರಿಸುವ ಕಪ್ಪು ಗಾಜೊಂದಿದೆ. ನಿನ್ನೆ ಮಗ ಅದರಲ್ಲಿ ಸೂರ್ಯನನ್ನು ನೋಡಿದ, ನೋವಾಗಲಿಲ್ಲ ಎನ್ನುತ್ತಾನೆ. 2027ರ ಆಗಸ್ಟ್ 2ರ ಗ್ರಹಣಕ್ಕೂ ಅದನ್ನೇ ಬಳಸಬಹುದೇ?

ಮೇಷ್ಟ್ರು: ಆ ಗಾಜನ್ನು ಈಗಲೇ ಒಡೆದು ಎಸೆಯಿರಿ. ಮುಂದಿನ ಮಸೂರ ಒಟ್ಟುಗೂಡಿಸಿದ ಶಾಖವೆಲ್ಲ ಐಪೀಸಿನ ಬಳಿಯ ಆ ಪುಟ್ಟ ಗಾಜಿನ ಮೇಲೆಯೇ ಬೀಳುವುದರಿಂದ ಅದು ಯಾವ ಸೂಚನೆಯೂ ಇಲ್ಲದೆ ಬಿರುಕು ಬಿಡಬಹುದು, ಬಿಟ್ಟ ಕ್ಷಣವೇ ಕಣ್ಣಿನ ಒಳಪರದೆಯಾದ ರೆಟಿನಾ ಸುಡುತ್ತದೆ. ರೆಟಿನಾಕ್ಕೆ ನೋವು ತಿಳಿಯುವುದಿಲ್ಲವಾದ್ದರಿಂದ ನೋವಾಗಲಿಲ್ಲ ಎಂಬ ಮಾತಿನಿಂದ ನನಗೆ ಸಮಾಧಾನವಿಲ್ಲ; ದೃಷ್ಟಿಯ ನಡುವೆ ಮಸುಕು ಅಥವಾ ಕಪ್ಪು ಚುಕ್ಕೆ ಕೆಲವು ಗಂಟೆಗಳ ಬಳಿಕವೂ ಕಾಣಿಸಿಕೊಳ್ಳಬಹುದು. ಒಂದೊಂದೇ ಕಣ್ಣು ಮುಚ್ಚಿಸಿ ಪುಸ್ತಕ ಓದಿಸಿ. ಚೆನ್ನಾಗಿ ಓದಿದರೂ ಇಂದೇ ಕಣ್ಣಿನ ವೈದ್ಯರಿಗೆ ತೋರಿಸಿ. ಗ್ರಹಣಕ್ಕೆ ಬೇಕಾದದ್ದು ದೂರದರ್ಶಕದ ಮುಂದಿನ ಬಾಯಿಯನ್ನು ಪೂರ್ತಿ ಮುಚ್ಚುವ, ಗಾಳಿಗೆ ಕಳಚದ ಸೌರ ಫಿಲ್ಟರ್. ಗುರಿ ಹಿಡಿಯಲು ಪಕ್ಕದಲ್ಲಿರುವ ಪುಟ್ಟ ದೂರದರ್ಶಕ, ಅಂದರೆ ಫೈಂಡರಿಗೂ ಮುಚ್ಚಳ ಇರಲೇಬೇಕು.

ಮಳವಳ್ಳಿಯ ಸದಸ್ಯರು: ಎರಡು ಹನಿ ಹರಳೆಣ್ಣೆ ಬಿಟ್ಟರೆ ಕಣ್ಣಿನ ಉರಿ ಇಳಿಯುತ್ತದೆ, ಎಕ್ಸ್‌ರೇ ಫಿಲ್ಮ್ ಹಿಡಿದರೆ ಸೂರ್ಯನಿಂದ ಅಪಾಯವಿಲ್ಲ ಎಂಬ ಸಂದೇಶ ಬಂದಿದೆ, ಹಂಚಿಕೊಂಡಿದ್ದೇನೆ.

ಮೇಷ್ಟ್ರು: ದಯವಿಟ್ಟು ಅಳಿಸಿ. ಹರಳೆಣ್ಣೆಯಿಂದ ಸುಟ್ಟ ರೆಟಿನಾ ವಾಸಿಯಾಗುವುದಿಲ್ಲ; ಎಕ್ಸ್‌ರೇ ಫಿಲ್ಮ್ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಸಾಕಷ್ಟು ತಡೆಯುವುದಿಲ್ಲ. ಮಗುವಿನ ಕಣ್ಣಿನ ವಿಷಯ ನಡೆಯುವಾಗ ಇಂಥವನ್ನು ಇಲ್ಲಿ ಹಾಕಬೇಡಿ.

ಹುಣಸೂರಿನ ಸದಸ್ಯರು: ಆಗಸ್ಟ್ 27ರಂದು ಮಂಗಳ ಚಂದ್ರನಷ್ಟೇ ದೊಡ್ಡದಾಗಿ ಕಾಣುತ್ತದಂತೆ, ನಿಜವೇ?

ಮೇಷ್ಟ್ರು: ಸುಳ್ಳು. 2003ರಿಂದ ಸುತ್ತುತ್ತಿರುವ ಸಂದೇಶ.

ನಂಜನಗೂಡಿನ ಸದಸ್ಯರು: 525 ಪಟ್ಟಿನದು ಒಳ್ಳೆಯದೇ ಸರ್?

ಮೇಷ್ಟ್ರು: ಮೇಲೆ ಓದಿ.

ನಂಜನಗೂಡಿನ ಸದಸ್ಯರು: ಒಂದು ಸಾಲಿನಲ್ಲಿ ಹೇಳಿದ್ದರೆ ನಿಮಗೇನು ಕಷ್ಟವಾಗುತ್ತಿತ್ತು?

ಮದ್ದೂರಿನ ಸದಸ್ಯೆ: ದೂರದರ್ಶಕಕ್ಕೆ ಮೊಬೈಲ್ ಹಿಡಿದು ಶನಿಯ ಚಿತ್ರ ತೆಗೆಯಬಹುದೇ?

ಪಾಂಡವಪುರದ ಸದಸ್ಯರು: ವಿಜಯನಗರದವರನ್ನು ಕೇಳಿ, ಅವರ ಮೊಬೈಲಿನಲ್ಲಿ ಎಲ್ಲವೂ ಇದೆ.

ಮೇಷ್ಟ್ರು: ಶ್ರೀರಂಗಪಟ್ಟಣದವರೇ, ವೈದ್ಯರು ಏನೆಂದರು? ತಿಳಿಸಿ.