ಅಪ್‌ಡೇಟ್: ಇನ್ಸುಲಿನ್ ಮಾತ್ರ ಕಡಿಮೆ ಬಂದದ್ದೇಕೆ

ಕಲಬುರಗಿಯ ಮೇ ಬಿಸಿಲಲ್ಲಿ ಮನೆಗೇ ಬಂದು ತೆಗೆದ ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನ್) ಸರಿಯಿದ್ದು ಇನ್ಸುಲಿನ್ ಮಾತ್ರ ತೀರಾ ಕಡಿಮೆ ಯಾಕೆ ಎಂದು ಕೇಳಿದ್ದೆ. ಕಾರಣ ಸಿಕ್ಕಿತು: ಹಿಮೋಲಿಸಿಸ್, ಅಂದರೆ ಕೆಂಪು ರಕ್ತಕಣ ಒಡೆಯುವುದು. ಟ್ಯೂಬನ್ನು ಗಡ್ಡೆಕಟ್ಟಿದ ಐಸ್‌ಪ್ಯಾಕಿಗೆ ನೇರವಾಗಿ ತಾಗಿಸಿ ಇಟ್ಟಿದ್ದರು. ರಕ್ತ ಹೆಪ್ಪುಗಟ್ಟುವ ಮೊದಲೇ ಶೀತ ತಗುಲಿ ಕೆಂಪು ಕಣ ಒಡೆದರೆ, ಅದರೊಳಗಿನ ಕಿಣ್ವ ಇನ್ಸುಲಿನ್ನನ್ನು ತುಂಡರಿಸುತ್ತದೆ. ಸೀರಂ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ದ್ರವ) ತಿಳಿಹಳದಿ ಇರಬೇಕಾದದ್ದು ಗುಲಾಬಿ ಶರಬತ್ತಿನಂತಿತ್ತು. ಟಿಎಸ್‌ಎಚ್ ಗಟ್ಟಿ, ಅಷ್ಟು ಬೇಗ ಕೆಡುವುದಿಲ್ಲ.

ಎರಡನೇ ಸಲ ರಕ್ತ ತೆಗೆದಾಗ ಜೆಲ್ ಟ್ಯೂಬನ್ನು (ಸೀರಂ ಬೇರೆಯಾಗಿ ನಿಲ್ಲುವಂತೆ ಒಳಗೆ ಜೆಲ್ ಇರುವ ಟ್ಯೂಬ್) ಕುಲುಕದೆ 5 ಸಲ ಮೆಲ್ಲಗೆ ತಿರುಗಿಸಿ, ನೆರಳಲ್ಲಿ 30 ನಿಮಿಷ ನೆಟ್ಟಗೆ ನಿಲ್ಲಿಸಿ, ಲ್ಯಾಬಿನಲ್ಲಿ ಕೂಡಲೇ ಸೆಂಟ್ರಿಫ್ಯೂಜ್ (ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಬೇರ್ಪಡಿಸುವುದು) ಮಾಡಿಸಿದ್ದಾಯಿತು. ಸೀರಂ ತಿಳಿಯಾಗಿ ಬಂತು, ಇನ್ಸುಲಿನ್ ಅಂಕಿಯೂ ಏರಿತು.

ಎಸಿಟಿಎಚ್‌ (ಅಡ್ರಿನಲ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನ್) ಪರೀಕ್ಷೆಗೆ ಇದು ಸಾಲದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಬೇಕು, ತಣ್ಣಗಿಟ್ಟು ಬೇಗ ಪ್ಲಾಸ್ಮಾ (ಹೆಪ್ಪುಗಟ್ಟದ ರಕ್ತದ ದ್ರವಭಾಗ) ಬೇರ್ಪಡಿಸಬೇಕು. ಅದನ್ನು ಮನೆಯಲ್ಲಿ ತೆಗೆಸಬೇಡಿ, ಲ್ಯಾಬಿಗೇ ಹೋಗಿ.